ಇಟ್ಟಿಗೆ ನಿಲ್ಲುವ ಎತ್ತರ

"ಗುರುಗಳೇ, ನನ್ನ ಸಮೀಕರಣ ಸುಳ್ಳೇ?" ಎಂದು ಶಿಷ್ಯೆ ಕೇಳಿದಳು. "ಎಲೆಕ್ಟ್ರಾನು ಜಿಗಿಯಲು ಹದವಾದ ಸೆಳೆತ ಬೇಕು, ಸೆಳೆತ ಅತಿಯಾದರೆ ಜಿಗಿತ ಕುಂಠಿತವಾಗುತ್ತದೆ ಎನ್ನುತ್ತದೆ ಅದು. ಎರಡು ಅಣುಗಳ ನಡುವೆ ಹಾಗೆಯೇ ಆಯಿತು. ಎರಡನೆಯ ಅಣುವಿನ ಜಾಗದಲ್ಲಿ ಲೋಹದ ವಿದ್ಯುದ್ವಾರ ಇಟ್ಟೆ. ಎಷ್ಟು ಸೆಳೆದರೂ ಜಿಗಿತ ಕುಂಠಿತವಾಗಲೇ ಇಲ್ಲ. ಇಷ್ಟು ವರ್ಷದ ದುಡಿಮೆ. ಈ ಹಾಳೆ ಹರಿದು ಹಾಕಲೇ?"

"ಹರಿಯುವುದಕ್ಕೇನು, ಸಂಜೆಗೂ ಹರಿಯಬಹುದು. ಮೊದಲು ಕೂತುಕೋ," ಎಂದು ಗುರುಗಳು ಕತೆ ಹೇಳಿದರು.

ಒಂದು ಊರಿನಲ್ಲಿ ಮನೆ ಕಟ್ಟುತ್ತಿದ್ದರು. ಒಬ್ಬ ಕೆಳಗಿನಿಂದ ಇಟ್ಟಿಗೆ ಎಸೆಯುತ್ತಿದ್ದ. ಗೋಡೆಯ ಮೇಲೆ ಕೂತ ಇನ್ನೊಬ್ಬ ಹಿಡಿಯುತ್ತಿದ್ದ. ನೀನೂ ನೋಡಿರುತ್ತೀಯ, ಮೇಲೇರಿದ ಇಟ್ಟಿಗೆ ಕೆಳಗಿಳಿಯುವ ಮುನ್ನ ಒಂದು ಕ್ಷಣ ನಿಲ್ಲುತ್ತದೆ. ನಿಂತ ಇಟ್ಟಿಗೆ ಹೂವಿನಷ್ಟು ಹಗುರ. ಹಿಡಿಯುವವನು ಕಾಯುವುದು ಆ ಕ್ಷಣಕ್ಕೇ.

ಎಸೆಯುವವನಿಗೆ ತೋಳಿನ ಸೊಕ್ಕು. ಜೋರಾಗಿ ಎಸೆದರೆ ಕೆಲಸ ಬೇಗ ಮುಗಿದೀತು ಎಂದು ಬೀಸಿ ಎಸೆದ. ಇಟ್ಟಿಗೆ ಮೇಲಿನವನ ಕಿವಿಯ ಪಕ್ಕದಲ್ಲೇ ಹಾರಿ, ಆಚೆ ಬಿದ್ದು ಪುಡಿಯಾಯಿತು.

"ಏನಣ್ಣಾ, ಮನೆ ಕಟ್ಟುತ್ತೀಯೋ, ಕಾಗೆ ಹೊಡೆಯುತ್ತೀಯೋ? ನನ್ನ ಕೈಯ ಮಟ್ಟಕ್ಕೆ ಬಂದು ನಿಂತದ್ದನ್ನು ಮಾತ್ರ ನಾನು ಹಿಡಿಯುವುದು," ಎಂದ ಮೇಲಿನವನು.

ಗೋಡೆ ಬೆಳೆಯಿತು. ಬಿದಿರಿನ ಸಾರವೆ ಕಟ್ಟಿದರು. ಅದರ ಅಂತಸ್ತು ಅಂತಸ್ತಿಗೂ, ತುದಿಯವರೆಗೆ, ಆಳುಗಳು ನಿಂತರು. ಕೆಳಗಿನವನು ಮತ್ತೆ ಹಟಕ್ಕೆ ಬಿದ್ದು ಬೀಸಿದ. ಆಹಾ, ಒಂದಾದರೂ ನೆಲಕ್ಕೆ ಬೀಳಬೇಕಲ್ಲ! ಎಷ್ಟು ಜೋರಾಗಿ ಎಸೆದರೂ ಯಾವುದೋ ಒಂದು ಕೈ ಅದನ್ನು ತೆಗೆದುಕೊಂಡಿತು. ರಾಶಿಯೆಲ್ಲ ಮೇಲೇರಿತು.

"ನೋಡಿದೆಯಾ, ನಿನ್ನ ಮಾತು ಸುಳ್ಳಾಯಿತು!" ಎಂದು ಅವನು ಮೀಸೆ ತಿರುವಿದ.

ಮೊದಲು ಹಿಡಿಯುತ್ತಿದ್ದವನು ಕೆಳಗಿನ ಅಂತಸ್ತಿನಿಂದ ನಕ್ಕ. "ಸುಳ್ಳೆಲ್ಲಿ ಬಂತಣ್ಣಾ? ನೀನು ಬೀಸಿದ್ದು ಇವತ್ತೂ ನನಗೆ ಸಿಗಲಿಲ್ಲ. ಮೇಲಿನವರನ್ನು ಕೇಳು, ಅವರೂ ನಿಂತದ್ದನ್ನೇ ಹಿಡಿದರು."

ಗುರುಗಳು ಕತೆ ನಿಲ್ಲಿಸಿದರು. ಹರಿಯಲೆಂದು ತಂದ ಹಾಳೆ ಶಿಷ್ಯೆಯ ಕೈಯಲ್ಲೇ ಇತ್ತು.

"ಹಾಗಾದರೆ ನನ್ನ ಸಮೀಕರಣ?"

"ಅದು ಪೂರ್ತಿ ನಿಜ, ಮಗಳೇ, ಲೋಹದ ತುಂಬ, ಶಕ್ತಿಯ ಮಟ್ಟ ಮಟ್ಟಕ್ಕೂ, ಎಲೆಕ್ಟ್ರಾನು ಹಿಡಿಯುವ ಕೈಗಳಿರುವಾಗ ನೀನು ಒಂದನ್ನೇ ಎಣಿಸಿದೆ."

ಶಿಷ್ಯೆ ಹಾಳೆಯನ್ನು ತೊಡೆಯ ಮೇಲೆ ನೇರ ಮಾಡಿಕೊಂಡು, ಅದೇ ಸಮೀಕರಣವನ್ನು ಒಂದೊಂದು ಮಟ್ಟಕ್ಕೂ ಬರೆದು ಕೂಡಿಸುತ್ತ ಹೋದಳು. ನಿನ್ನೆಯ ಲೆಕ್ಕದಲ್ಲಿ ಕುಸಿದಿದ್ದ ಜಿಗಿತದ ಗೆರೆ ಏರಿತು, ಏರಿದಲ್ಲೇ ನಿಂತಿತು.