ಅಂತರಗಂಗೆಯ ಬೇರು

ಗಾಜಿನ ತೊಟ್ಟಿಯಲ್ಲಿ ಮೀನುಗಳು ಕಿಕ್ಕಿರಿದಿದ್ದವು. ತಳದಲ್ಲಿ ಗಿಡ ನೆಡಲು ಜಾಗವಿಲ್ಲವೆಂದು ಮನೆಯೊಡತಿ ತೇಲುವ ಅಂತರಗಂಗೆಯನ್ನೇ ಆರಿಸಿ ತಂದು ಬಿಟ್ಟಳು. ಹೊಟ್ಟೆ ತುಂಬ ಮೊಟ್ಟೆ ಹೊತ್ತಿದ್ದ ಬಂಗಾರದ ಮೀನಿಗೆ ಮೈಯೆಲ್ಲ ಉರಿಯಿತು.

“ನಮಗೇ ಮಗ್ಗುಲು ಬದಲಿಸಲು ಎಡೆಯಿಲ್ಲ. ಈಗ ನೀನು ಬೇರೆ ಬಂದೆಯಾ?”

“ನನಗೆ ನೆಲ ಬೇಡವಮ್ಮ. ಮೇಲೆಯೇ ತೇಲಿಕೊಂಡಿರುತ್ತೇನೆ,” ಎಂದಿತು ಗಿಡ.

“ಹಾಗಾದರೆ ಈ ಬೇರೇಕೆ ನಮ್ಮ ತಲೆಯ ಮೇಲೆ?” ಎನ್ನುತ್ತ ಮೀನು ಸಿಕ್ಕಷ್ಟು ಬೇರನ್ನು ಕಚ್ಚಿ ಹರಿದುಹಾಕಿತು.

ಮರುದಿನ ಮೊಟ್ಟೆಯಿಡುವ ಹೊತ್ತು ಬಂತು. ಇಟ್ಟದ್ದನ್ನು ಇಟ್ಟಲ್ಲೇ ನುಂಗಲು ಉಳಿದ ಮೀನುಗಳು ಬೆನ್ನಟ್ಟಿದವು. ದಿಕ್ಕು ತೋಚದೆ ತಾಯಿಮೀನು ಮೇಲೆ ಬಂದು ತಲೆತಗ್ಗಿಸಿತು.

“ಸ್ವಲ್ಪ ಜಾಗ ಕೊಡುತ್ತೀಯಾ?”

“ನಿನ್ನೆ ನೀನು ಕಚ್ಚಿದ ಕಡೆ ಸಂದಿಯಾಗಿದೆಯಲ್ಲ ತಾಯಿ,” ಎಂದಿತು ಅಂತರಗಂಗೆ, “ಅಲ್ಲೇ ಒಳಗೆ ಬಾ.”