ಹಾರ್ಡ್ ಡಿಸ್ಕ್ ಮತ್ತು ಹೊಸ ಕಂಪ್ಯೂಟರ್

ಕಾಲೇಜು ಸೇರುವ ಮುನ್ನ ಶಾಂಭವಿ ಹಳೆಯ ಕಂಪ್ಯೂಟರನ್ನು ಬಿಟ್ಟು ಬೇರೆ ಪದ್ಧತಿಯಲ್ಲಿ ಕೆಲಸ ಮಾಡುವ ಹೊಸದೊಂದನ್ನು ಕೊಂಡಳು. ಹಾಸ್ಟೆಲಿನಲ್ಲಿ ಅದಕ್ಕೆ ತನ್ನ ಹಳೆಯ ಹಾರ್ಡ್ ಡಿಸ್ಕನ್ನು ಜೋಡಿಸಿದಳು. ಊರು ಬಿಟ್ಟುಹೋದ ಗೆಳತಿ ರುಕ್ಸಾರಳ ಜೊತೆ ಹಾಡಿದ ಹಾಡುಗಳೆಲ್ಲ ಆ ಡಿಸ್ಕಿನಲ್ಲಿದ್ದವು.

"ನನ್ನನ್ನು ಓದಬಲ್ಲೆಯಾ?" ಎಂದು ಡಿಸ್ಕ್ ಕೇಳಿತು.

"ಓದಬಲ್ಲೆ. ಆದರೆ ನಿನ್ನ ಮೇಲೆ ಒಂದಕ್ಷರವನ್ನೂ ಬರೆಯಲಾರೆ. ನಮ್ಮ ಬರವಣಿಗೆಯ ಕ್ರಮವೇ ಬೇರೆ," ಎಂದಿತು ಹೊಸ ಕಂಪ್ಯೂಟರ್. "ನಿನ್ನಲ್ಲಿರುವುದನ್ನೆಲ್ಲ ಇಟ್ಟುಕೊಳ್ಳುವಷ್ಟು ಜಾಗವೂ ನನ್ನಲ್ಲಿಲ್ಲ. ನಿನ್ನನ್ನು ಪೂರ್ತಿ ಅಳಿಸಿಬಿಟ್ಟರೆ ನಮ್ಮ ಬಳಗಕ್ಕೆ ಸೇರುತ್ತೀಯ."

"ಅಳಿಸಿದ ಮೇಲೆ ಉಳಿಯುವುದು ನಾನೇನಾ?"

"ಅದು ನನಗೆ ತಿಳಿಯದು. ಆದರೆ ನೀನು ಒಂಟಿಯಾಗಿರುವುದಿಲ್ಲ."

"ಹಾಗಿದ್ದರೆ ಒಂಟಿಯಾಗಿಯೇ ಇರುತ್ತೇನೆ," ಎಂದಿತು ಡಿಸ್ಕ್.

ಪರದೆಯ ಮೇಲೆ 'ಎಲ್ಲವನ್ನೂ ಅಳಿಸಲೇ?' ಎಂಬ ಪ್ರಶ್ನೆ ಮೂಡಿತು. ಶಾಂಭವಿಯ ಬೆರಳು ಬಹಳ ಹೊತ್ತು ಅಲ್ಲೇ ನಿಂತಿತ್ತು. ಕೊನೆಗೆ ಅವಳು 'ಬೇಡ' ಎಂಬುದನ್ನು ಒತ್ತಿ, ಡಿಸ್ಕನ್ನು ಬಿಡಿಸಿ, ಕಪಾಟಿನ ಬಟ್ಟೆಗಳ ನಡುವೆ ಇಟ್ಟಳು.

ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಹೊಸ ಕಂಪ್ಯೂಟರಿನಲ್ಲಿ ಅವಳದೆನ್ನುವುದು ಒಂದೂ ಇರಲಿಲ್ಲ. ಅವಳು ಕುರ್ಚಿ ಎಳೆದುಕೊಂಡು ಕುಳಿತು, ಖಾಲಿ ಪುಟದ ಮೇಲೆ ಮೊದಲಿಗೆ ತನ್ನ ಹೆಸರನ್ನು ಬರೆದಳು.