ಹಿಂದೆ ಬರುವವನು

“ಗುರುಗಳೇ, ಹಳೇ ಸ್ಪೋರ್ಟ್ಸ್ ಕಾರಿಗೆ ಆಮೇಲೆ ಯಾರೋ ಏನೋ ಬದಲಾವಣೆ ಮಾಡಿದಾರೆ ಅಂತಿಟ್ಕೊಳ್ಳಿ. ಅದನ್ನ ಹಳೇ ಕಾರುಗಳ ರೇಸಿಗೆ ಬಿಡಬಹುದೋ, ಬಿಡಬಾರದೋ?”

ಕೇಳಿದವನು ಲೋಹಿತ. ಕೇಳಿಸಿಕೊಂಡವರು ರುದ್ರಾಚಾರ್. ಆಚಾರ್ರು ಕಮ್ಮಾರರ ಮನೆತನದವರು; ನಲವತ್ತು ವರ್ಷ ಹಳೆಯ ಕಾರುಗಳನ್ನು ಬಿಚ್ಚಿ ಕಟ್ಟಿದವರು. ಈಗ ಗ್ಯಾರೇಜು ಮುಚ್ಚಿ, ಮನೆಯ ಜಗಲಿಯ ಮೇಲೆ ಕೂತು, ಕೇಳಲು ಬಂದವರಿಗೆ ವಿದ್ಯೆ ಹೇಳುತ್ತಾರೆ. ಲೋಹಿತ ಅವರ ಬಳಿ ಹನ್ನೊಂದು ವರ್ಷ ಕಲಿತವನು. ರೇಸಿಗೆ ಬರುವ ಕಾರುಗಳನ್ನು ಪರೀಕ್ಷಿಸಿ ಸಹಿ ಹಾಕುವುದು ಈಗ ಅವನ ಕೆಲಸ. ಅವನ ಸಹಿ ಇಲ್ಲದೆ ಒಂದು ಕಾರೂ ಮೈದಾನಕ್ಕೆ ಇಳಿಯುವುದಿಲ್ಲ.

“ಯಾವ ಬದಲಾವಣೆ?” ಎಂದರು ಗುರುಗಳು. ಅವರು ಉಳಿ ಮಸೆಯುತ್ತಿದ್ದರು. ಕಣ್ಣೆತ್ತಲಿಲ್ಲ. “ಕಾರು ಹುಟ್ಟಿದ ಕಾಲದಲ್ಲೇ ಮಾಡಿದ್ದಾದ್ರೆ ತೊಂದ್ರೆ ಇಲ್ಲ. ಆಗಿನವರೂ ಗೆಲ್ಲಕ್ಕೆ ಏನೇನೋ ಮಾಡ್ತಿದ್ರು. ಅದೂ ಆ ಕಾರಿನ ಚರಿತ್ರೆ.”

“ಆಗಿಂದಲ್ಲ ಗುರುಗಳೇ, ಆಮೇಲಿಂದು. ಬ್ರೇಕು. ಕಾರಿನ ದಾಖಲೆ ಪುಸ್ತಕದಲ್ಲಿ ಡ್ರಮ್ ಬ್ರೇಕ್ ಅಂತ ಇದೆ. ಹೊರಗಿಂದ ನೋಡಿದ್ರೂ ಡ್ರಮ್ಮೇ. ಚಕ್ರ ಬಿಚ್ಚಿ ಕವಚ ತೆಗೆದ್ರೆ ಒಳಗೆ ಬೇಗ ಹಿಡಿಯೋ ಹೊಸ ಡಿಸ್ಕ್ ಬ್ರೇಕ್ ಕೂತಿದೆ. ಏನ್ ಕೆಲಸ ಅಂತೀರಿ! ಕೂದಲೆಳೆ ಜಾಗ ಬಿಟ್ಟಿಲ್ಲ. ಮಾಡಿದ ಕೈಗೆ ಚಿನ್ನದ ಕಡಗ ತೊಡಿಸ್ಬೇಕು. ಕವಚದ ಒಳಗಡೆ ಅಂಚಲ್ಲಿ ಅರದಿಂದ ಎಳೆದ ಮೂರು ಗೀರು ಇತ್ತು. ಅದೊಂದು ಯಾಕೆ ಅಂತ ಗೊತ್ತಾಗ್ಲಿಲ್ಲ.”

ಉಳಿ ಮಸೆಯುವ ಸದ್ದು ನಿಂತಿತು.

“ಕಾರಿನವನು ಏನಂತಾನೆ?”

“ಒಳ್ಳೆ ಬ್ರೇಕಿಂದ ಯಾರಿಗೆ ತೊಂದ್ರೆ, ಅಪಾಯ ಕಮ್ಮಿ ಆಗತ್ತೆ ತಾನೇ ಅಂತಾರೆ. ಕೊಂಡಾಗ್ಲೇ ಹಂಗಿತ್ತಂತೆ. ನೋಡಿಯೂ ನೋಡದ ಹಂಗೆ ಬಿಟ್ಬಿಡಿ ಅಂದ್ರು. ಸಂಜೆ ಐದರೊಳಗೆ ನಾನು ಸಹಿ ಮಾಡ್ಬೇಕು. ನಿಜ ಹೇಳ್ಬೇಕಂದ್ರೆ, ನಂಗೂ ಅವರ ಮಾತು ಸರಿ ಅನ್ನಿಸ್ತಿದೆ.”

ಗುರುಗಳ ಮುಖ ಕೆಂಪಾಯಿತು. “ಸರಿ ಅನ್ನಿಸ್ತಾ ನಿಂಗೆ? ಹನ್ನೊಂದು ವರ್ಷ ನನ್ನ ಹತ್ರ ಮಣ್ಣು ಹೊತ್ಯೇನೋ? ಕೂತ್ಕೋ ಅಲ್ಲಿ. ಒಂದು ಕತೆ ಹೇಳ್ತೀನಿ. ನಡುವೆ ಬಾಯಿ ಹಾಕ್ಬೇಡ.”

ಲೋಹಿತ ಕೆಳಗಿನ ಮೆಟ್ಟಿಲ ಮೇಲೆ ಕೂತ. ಗುರುಗಳು ಹೇಳಿದ ಕತೆ ಇದು.

ಒಂದು ಊರಿನಲ್ಲಿ ಒಬ್ಬ ವರ್ತಕನಿದ್ದ. ಅವನ ಬಳಿ ಎರಡೇ ಸೀಟಿನ ಒಂದು ಹಳೆಯ ಕಾರಿತ್ತು. ಕೆಟ್ಟ ಕಾರಲ್ಲ. ಅವನೂ ಕೆಟ್ಟದಾಗಿ ಓಡಿಸುವವನಲ್ಲ. ಪ್ರತಿ ವರ್ಷ ಹಳೆಯ ಕಾರುಗಳ ರೇಸಿನಲ್ಲಿ ಐದನೆಯವನೋ ಆರನೆಯವನೋ ಆಗಿ ಬರುತ್ತಿದ್ದ. ಐದನೆಯವನಾಗಿ ಮನೆಗೆ ಹೋಗಿ ಉಂಡು ಸುಖವಾಗಿರಬಹುದಿತ್ತು. ಎಷ್ಟೋ ಜನ ಹಾಗೆ ಇದ್ದಾರೆ. ಇವನಿಗೆ ಉಂಡ ಅನ್ನ ಮೈಗೆ ಹತ್ತಲಿಲ್ಲ.

ಅವನು ಒಬ್ಬ ಮೇಸ್ತ್ರಿಯ ಹತ್ತಿರ ಹೋದ. ಡ್ರಮ್ಮಿನ ಒಳಗೆ ಡಿಸ್ಕ್ ಕೂರಿಸಿಕೊಡು ಎಂದ. ಹೊರಗಿನಿಂದ ಯಾರಿಗೂ ಗೊತ್ತಾಗಬಾರದು ಎಂದ.

ಮೇಸ್ತ್ರಿ ಹೇಳಿದ, “ಕೂರಿಸೋದೇನೋ ಕೂರಿಸ್ತೀನಿ ಸ್ವಾಮಿ. ಆದ್ರೆ ಪುಸ್ತಕದಲ್ಲಿ ಬರೆಸಿಬಿಡಿ. ಬದಲಾಯಿಸಿದ ಕಾರುಗಳಿಗೆ ಬೇರೆ ಓಟಾನೇ ಇದೆಯಲ್ಲ, ಅದ್ರಲ್ಲಿ ಓಡಿಸಿ.”

ವರ್ತಕ ನಕ್ಕ. “ಆ ಓಟದಲ್ಲಿ ನಾನು ಕೊನೆಯವನಾಗ್ತೀನಿ ಕಣಯ್ಯಾ.”

ಕೇಳಿದೆಯಾ ಲೋಹಿತ? ಅಪಾಯ ಕಡಿಮೆಯಾಗಲಿ ಎಂದು ಬ್ರೇಕು ಬೇಕಾದವನು ಅದನ್ನು ಬರೆಸುತ್ತಾನೆ. ಸೀಟು ಬೆಲ್ಟನ್ನು ಎಲ್ಲರೂ ಹಾಕಿಸಿದ್ದಾರೆ. ಬೆಂಕಿ ಆರಿಸುವ ಸಿಲಿಂಡರು ಎಲ್ಲರ ಕಾರಿನಲ್ಲೂ ಇದೆ. ಯಾರೂ ಅದರ ಮೇಲೆ ಬಟ್ಟೆ ಮುಚ್ಚಿಲ್ಲ. ಇವನು ಮಾತ್ರ ಮುಚ್ಚಿದ. ಯಾಕೆ ಮುಚ್ಚಿದ? ಹೊಸ ಬ್ರೇಕಿನವರ ಜೊತೆ ಓಡಿದರೆ ಕೊನೆಯವನು. ಹಳೆಯ ಬ್ರೇಕಿನವರ ಜೊತೆ ಹಳೆಯ ಬ್ರೇಕಿನಲ್ಲೇ ಓಡಿದರೆ ಐದನೆಯವನು. ಸುಳ್ಳು ಹೇಳಿದರೆ ಮೊದಲನೆಯವನು. ಥೂ! ಇದಕ್ಕೆ ಅಪಾಯ, ಸುರಕ್ಷತೆ ಎಂದು ದೊಡ್ಡ ದೊಡ್ಡ ಹೆಸರು ಬೇರೆ.

ಮೇಸ್ತ್ರಿ ಆ ನಗುವನ್ನು ಕೇಳಿದ ಕೂಡಲೇ ಕೈ ತೊಳೆದು ಎದ್ದು ಹೋಗಬೇಕಿತ್ತು. ಹೋಗಲಿಲ್ಲ. ಅವನಿಗೆ ಹಣದ ಆಸೆ ಇರಲಿಲ್ಲ. ಕೆಲಸದ ಆಸೆ. ಇಂಥ ಕೆಲಸವನ್ನು ಈ ಸೀಮೆಯಲ್ಲಿ ಯಾರೂ ಮಾಡಿಲ್ಲ, ನಾನು ಮಾಡಿ ತೋರಿಸುತ್ತೇನೆ ಎಂಬ ಕೊಬ್ಬು. ಎರಡು ತಿಂಗಳು ಬೇರೆ ಕೆಲಸ ಮುಟ್ಟದೆ ಕೂತು ಮಾಡಿದ. ಕವಚವನ್ನು ಒಳಗಿನಿಂದ ಕೊರೆದ, ಡಿಸ್ಕನ್ನು ಕೂರಿಸಿದ, ತೆಗೆದ, ಮತ್ತೆ ಕೂರಿಸಿದ. ಮುಗಿದ ಮೇಲೆ ತಿರುಗಿಸಿ ತಿರುಗಿಸಿ ನೋಡಿದ. ಇಷ್ಟು ಚೆಂದದ ಕೆಲಸ ಯಾರದೆಂದು ಯಾರಿಗೂ ತಿಳಿಯುವುದಿಲ್ಲವಲ್ಲ ಎಂದು ಕೊರಗಿದ. ಮುಟ್ಠಾಳ! ಕೊರಗಬೇಕಾದ ವಿಷಯ ಎದುರಿಗೇ ಇತ್ತು, ಅವನು ಕೊರಗಿದ್ದು ಇದಕ್ಕೆ.

ರೇಸಿನ ಹಿಂದಿನ ದಿನ ಕಾರುಗಳನ್ನು ಪರೀಕ್ಷಿಸುವವನು ಬಂದ. ನಿನ್ನ ಹಾಗೆಯೇ ಒಬ್ಬ. ಬಾನೆಟ್ಟು ಎತ್ತಿ ನೋಡಿದ. ಬಣ್ಣವನ್ನು ಹೊಗಳಿದ. ಚಕ್ರ ಬಿಚ್ಚಲಿಲ್ಲ. ದೊಡ್ಡ ಮನುಷ್ಯನ ಕಾರಿನ ಚಕ್ರ ಬಿಚ್ಚಿಸಿದರೆ ಅವರಿಗೆ ಬೇಜಾರಾದೀತು ಎಂದುಕೊಂಡ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರನ್ನು ಕೇಳುತ್ತೀಯ? ಸಹಿ ಹಾಕಿದ, ವರ್ತಕ ಕೊಡಿಸಿದ ಕಾಫಿ ಕುಡಿದ, ಹೋದ.

ಅದೇ ರೇಸಿನಲ್ಲಿ ಒಬ್ಬ ಗಡಿಯಾರ ರಿಪೇರಿಯವನಿದ್ದ. ತನ್ನ ಕಾರನ್ನು ಅವನು ಗುಜರಿಯಿಂದ ತಂದಿದ್ದ. ತಂದಾಗ ಅದರಲ್ಲಿ ಕೋಳಿ ಮೊಟ್ಟೆ ಇಟ್ಟಿತ್ತು. ಒಂಬತ್ತು ವರ್ಷ, ಭಾನುವಾರ ಭಾನುವಾರ ಕೂತು, ಅದನ್ನು ಕಟ್ಟಿದ. ಸಿಗದ ತಿರುಪುಗಳನ್ನು ತಾನೇ ಕಡೆದ. ಪುಸ್ತಕದಲ್ಲಿ ಏನು ಬರೆದಿತ್ತೋ ಅದೇ ಅವನ ಕಾರಿನಲ್ಲಿತ್ತು. ಒಳ್ಳೆಯ ಬ್ರೇಕು ಹಾಕಿಸು ಎಂದು ಅವನಿಗೂ ಹೇಳಿದವರಿದ್ದರು. ಹಾಕಿಸಿದರೆ ನನ್ನ ಕಾರು ಅದೇ ಕಾರಾಗಿ ಉಳಿಯುತ್ತದೆಯೇ ಎಂದು ಕೇಳಿ ಸುಮ್ಮನಾಗಿದ್ದ.

ರೇಸು ನಡೆಯುತ್ತಿದ್ದುದು ಬಳಕೆ ತಪ್ಪಿದ ಒಂದು ವಿಮಾನ ನಿಲ್ದಾಣದ ಬಯಲಿನಲ್ಲಿ. ಮೊದಲ ಸುತ್ತಿನಲ್ಲಿ ಏಳುವ ಧೂಳಿಗೆ ತಿರುವಿನ ಫಲಕ ಕಾಣುವುದಿಲ್ಲ. ಹಾಗಾಗಿ ಅಲ್ಲಿಯವರಲ್ಲಿ ಒಂದು ರೂಢಿ. ಮುಂದಿನ ಕಾರಿನ ಕೆಂಪು ದೀಪ ಹೊತ್ತಿದ ಕೂಡಲೇ ಹಿಂದಿನವನು ಬ್ರೇಕ್ ಒತ್ತುತ್ತಾನೆ. ಅವನ ದೀಪ ನೋಡಿ ಅವನ ಹಿಂದಿನವನು ಒತ್ತುತ್ತಾನೆ. ಎಲ್ಲವೂ ಒಂದೇ ಕಾಲದ ಕಾರುಗಳು, ಒಂದೇ ಬಗೆಯ ಬ್ರೇಕುಗಳು. ಮುಂದಿನವನಿಗೆ ವೇಗ ತಗ್ಗಿಸಲು ಎಷ್ಟು ದೂರ ಬೇಕೋ ಹಿಂದಿನವನಿಗೂ ಅಷ್ಟೇ ಬೇಕು. ಇದನ್ನು ಯಾರೂ ಎಲ್ಲಿಯೂ ಬರೆದಿರಲಿಲ್ಲ. ಬರೀ ನಂಬಿಕೆ. ಇಪ್ಪತ್ತು ವರ್ಷ ಆ ನಂಬಿಕೆಯ ಮೇಲೆ ಓಡಿದ್ದರು. ಒಬ್ಬನ ಮೈಯೂ ತರಚಿರಲಿಲ್ಲ.

ಓಟ ಶುರುವಾಯಿತು. ವರ್ತಕ ಮುಂದೆ, ಗಡಿಯಾರದವನು ಅವನ ಬೆನ್ನಿಗೆ. ಧೂಳೆದ್ದಿತು. ಗಡಿಯಾರದವನು ಮುಂದಿನ ಕಾರಿನ ದೀಪವನ್ನೇ ನೋಡುತ್ತ ಹೋದ. ದೀಪ ಹೊತ್ತಲಿಲ್ಲ. ಇನ್ನೂ ಜಾಗವಿದೆ ಎಂದುಕೊಂಡ. ಯಾಕೆ ಅಂದುಕೊಳ್ಳಬಾರದು? ಮುಂದೆ ಹೋಗುತ್ತಿರುವುದು ತನ್ನಂಥದೇ ಕಾರು. ಅದಕ್ಕೊಂದು ಪುಸ್ತಕವಿದೆ. ಪುಸ್ತಕಕ್ಕೆ ಸಹಿಯಿದೆ.

ಆಮೇಲೆ ದೀಪ ಹೊತ್ತಿತು. ವರ್ತಕನ ಕಾರು ನೆಲ ಕಚ್ಚಿದಂತೆ ವೇಗ ಇಳಿಸಿ ತಿರುವಿಗೆ ಹೊರಳಿತು. ಗಡಿಯಾರದವನು ಮೈಯ ಭಾರವನ್ನೆಲ್ಲ ಹಾಕಿ ಬ್ರೇಕ್ ತುಳಿದ. ಅವನ ಡ್ರಮ್ಮಿಗೆ ಇನ್ನೂ ನೂರು ಗಜ ಬೇಕಿತ್ತು. ಆ ನೂರು ಗಜವನ್ನು ಮುಂದಿನವನು ಕದ್ದಿದ್ದ.

ಕಾರು ವರ್ತಕನ ಕಾರಿನ ಹಿಂಬದಿಯನ್ನು ಸವರಿಕೊಂಡು ಹೋಗಿ ಮಣ್ಣಿನ ದಿಬ್ಬಕ್ಕೆ ಹೊಡೆದು ಮಗುಚಿತು. ಜೀವ ಉಳಿಯಿತು. ಕೈ ಎರಡೂ ನುಜ್ಜಾದವು. ಗಡಿಯಾರ ರಿಪೇರಿಯವನ ಕೈ, ಲೋಹಿತ. ಬೇರೆಲ್ಲ ಬಿಟ್ಟು ಕೈ.

“ಅಯ್ಯೋ,” ಎಂದ ಲೋಹಿತ.

“ಬಾಯಿ ಹಾಕ್ಬೇಡ ಅಂದೆನಲ್ಲ!” ಎಂದರು ಗುರುಗಳು. ಕತೆ ಮುಂದುವರಿಸಿದರು.

ವಿಚಾರಣೆ ಆಯಿತು. ಹಿಂದಿನಿಂದ ಗುದ್ದಿದವನದೇ ತಪ್ಪು ಎಂದರು. ಸಂತೆಬೀದಿಯಲ್ಲಿ ಸೈಕಲ್ಲಿಗೆ ಸೈಕಲ್ಲು ಗುದ್ದಿದಾಗ ಹೇಳುವ ನ್ಯಾಯವನ್ನೇ ಹೇಳಿದರು. ಐದು ಜನ ದೊಡ್ಡವರು ಕೂತಿದ್ದರು. ಐವರಲ್ಲಿ ಒಬ್ಬನಿಗೂ ಮುಂದಿನ ಕಾರಿನ ಚಕ್ರ ಬಿಚ್ಚಿ ನೋಡೋಣ ಅನ್ನಿಸಲಿಲ್ಲ. ವರ್ತಕನಿಗೆ ಟ್ರೋಫಿ ಕೊಟ್ಟರು. ಅವನು ಅದನ್ನು ತಲೆಯ ಮೇಲೆ ಎತ್ತಿ ಫೋಟೋ ತೆಗೆಸಿಕೊಂಡ.

ನಾಲ್ಕು ದಿನ ಕಳೆದು ವರ್ತಕ ಆಸ್ಪತ್ರೆಗೆ ಹೋದ. ಮೇಲೆ ಬಸಪ್ಪ, ಒಳಗೆ ವಿಷಪ್ಪ. ಸೇಬಿನ ಬುಟ್ಟಿ ಕೊಂಡಿದ್ದ. ಬುಟ್ಟಿ ಹೊರಲು ಮೇಸ್ತ್ರಿಯನ್ನು ಕರೆದುಕೊಂಡು ಹೋದ. ಹಾಸಿಗೆಯ ಮೇಲಿದ್ದವನು ಕೈ ಮುಗಿಯಲು ನೋಡಿದ. ಕೈಗಳಿಗೆ ಮೊಣಕೈವರೆಗೂ ಕಟ್ಟು ಹಾಕಿದ್ದರು. ತಲೆ ಬಾಗಿಸಿದ.

“ನಿಮ್ಮ ಕಾರಿಗೆ ಪೆಟ್ಟು ಮಾಡ್ಬಿಟ್ಟೆ ಸ್ವಾಮಿ, ಕ್ಷಮಿಸ್ಬೇಕು. ನನ್ನ ಕಾಲು ಬ್ರೇಕಿಗೆ ಹೋಗೋದು ತಡ ಆಗೋಯ್ತು.”

“ಆಗತ್ತೆ ಬಿಡಿ,” ಎಂದ ವರ್ತಕ. “ಮುಂದಿನ ಸಲ ಹುಷಾರಾಗಿರಿ.”

ಮುಂದಿನ ಸಲವಂತೆ! ಕೈ ಕಳೆದುಕೊಂಡವನು ಕ್ಷಮೆ ಕೇಳಿದ, ಕಳೆದವನು ಬುದ್ಧಿ ಹೇಳಿದ. ಆ ಕೋಣೆಯ ಗೋಡೆ ಅದನ್ನು ಹೇಗೆ ಕೇಳಿಕೊಂಡು ನಿಂತಿತೋ ನನಗೆ ತಿಳಿಯದು.

ಮೇಸ್ತ್ರಿಯೂ ನಿಂತೇ ಇದ್ದ. ಬುಟ್ಟಿ ಹಿಡಿದು ಬಾಗಿಲ ಬಳಿ ನಿಂತಿದ್ದ. ತಪ್ಪು ನಿನ್ನ ಕಾಲಿನದಲ್ಲಪ್ಪ ಎಂದು ಒಂದು ಮಾತು ಆಡಿದ್ದರೆ ಸಾಕಿತ್ತು. ಬಾಯಿಯವರೆಗೆ ಬಂತು. ಆಡಿದರೆ ನಾಳೆ ತನ್ನ ಗ್ಯಾರೇಜಿಗೆ ಯಾರು ಬರುತ್ತಾರೆ ಎಂದು ನೆನೆದ. ನುಂಗಿದ. ಬುಟ್ಟಿಯನ್ನು ಮೇಜಿನ ಮೇಲಿಟ್ಟು ವರ್ತಕನ ಹಿಂದೆ ನಡೆದುಬಂದ. ವರ್ತಕ ದುರಾಸೆಯವನು, ಪರೀಕ್ಷಕ ಸೋಮಾರಿ, ವಿಚಾರಣೆಯವರು ದಡ್ಡರು. ಅವರಿಗೆಲ್ಲ ಗೊತ್ತಿದ್ದದ್ದು ಸ್ವಲ್ಪ ಸ್ವಲ್ಪ. ಬ್ರೇಕು ಎಷ್ಟು ಗಜದಲ್ಲಿ ಹಿಡಿಯುತ್ತದೆ ಎಂದು ಅಳೆದು ನೋಡಿದವನು ಮೇಸ್ತ್ರಿ ಒಬ್ಬನೇ. ಅಂಥ ಹೇಡಿಯನ್ನು ಈ ಭೂಮಿ ಹೊತ್ತುಕೊಂಡಿದೆ.

ವರ್ತಕ ಮುಂದಿನ ವರ್ಷವೇ ಆ ಕಾರನ್ನು ಮಾರಿದ. ಕೊಂಡವನು ಇನ್ನೊಬ್ಬನಿಗೆ ಮಾರಿದ. ಅದರ ಪುಸ್ತಕದಲ್ಲಿ ಇವತ್ತಿಗೂ ಡ್ರಮ್ ಬ್ರೇಕ್ ಎಂದೇ ಇದೆ.

ಗಡಿಯಾರದವನು ಅಂಗಡಿ ಮುಚ್ಚಿದ. ಅವನ ಬೆರಳುಗಳು ಚಿಮಟ ಹಿಡಿಯಲಾರವು. ಅಂಗಿಯ ಗುಂಡಿಯನ್ನು ಹೆಂಡತಿ ಹಾಕಬೇಕು. ಯಾರಾದರೂ ಮಾತಾಡಿಸಲು ಹೋದರೆ ತನ್ನ ಬಲಗಾಲನ್ನು ತೋರಿಸಿ, ಈ ಕಾಲು ನನಗೆ ಮೋಸ ಮಾಡಿತು ಎನ್ನುತ್ತಾನೆ. ಹದಿನಾರು ವರ್ಷದಿಂದ ಅವನು ತನ್ನ ಕಾಲನ್ನು ಬೈಯುತ್ತಿದ್ದಾನೆ. ಆ ಕಾಲು ಏನು ತಪ್ಪು ಮಾಡಿದೆ, ಹೇಳು? ಮುಂದಿನವನನ್ನು ನಂಬಿತು, ಅಷ್ಟೇ.

ಗುರುಗಳು ಕತೆ ನಿಲ್ಲಿಸಿದರು. ಅವರ ಕೋಪ ಇಳಿದಿರಲಿಲ್ಲ.

ಲೋಹಿತ ಎದ್ದು ನಿಂತ. “ನಾನು ಸಹಿ ಮಾಡಲ್ಲ ಗುರುಗಳೇ. ಕಾರನ್ನ ಹಿಂದೆ ಕಳಿಸ್ತೀನಿ. ಒಳಗೆ ಏನಿದೆ ಅಂತ ಪುಸ್ತಕದಲ್ಲಿ ಬರೆದೇ ಬರೀತೀನಿ, ಯಾರು ಏನಾದ್ರೂ ಅಂದ್ಕೊಳ್ಳಲಿ. ಆ ವರ್ತಕನಿಗೆ ನೀವು ಬೈದಿದ್ದು ಕಮ್ಮೀನೇ ಆಯ್ತು. ಆದ್ರೆ ಮೇಸ್ತ್ರೀನ ಯಾಕೆ ಅಷ್ಟೊಂದು ಬೈತೀರಿ? ನಮ್ಮಂಥವನು ಅವನು. ಹೇಳಿದ ಕೆಲಸ ಮಾಡ್ದ, ಪಾಪ.”

ರುದ್ರಾಚಾರ್ ಉಳಿಯನ್ನು ಕೆಳಗಿಟ್ಟರು.

“ನೀನು ನೋಡಿದ ಆ ಮೂರು ಗೀರು ನಮ್ಮಪ್ಪ ನೇಗಿಲ ಗುಳಕ್ಕೆ ಹಾಕ್ತಿದ್ದ ಗುರುತು ಕಣೋ, ಪುಸ್ತಕದಲ್ಲಿ ನನ್ನ ಹೆಸರನ್ನೂ ಸೇರಿಸಿ ಬರಿ.”